‘ನೀವೇ ಹಾಡಿ ತೋರಿಸಿ’ ಎನ್ನುವವರಿಗೆ

ಸಂಗೀತ ಕಾರ್ಯಕ್ರಮವೊಂದು ಚೆನ್ನಾಗಿರಲಿಲ್ಲ ಎಂದು ಯಾರಾದರೂ ಬರೆದರೆ ನಮ್ಮಲ್ಲಿ ಏನಾಗುತ್ತದೆ ಎಂಬುದನ್ನು ದೋಹಾದಲ್ಲಿ ನಾಲ್ಕಾರು ವರ್ಷ ಕಳೆದ ಕನ್ನಡಿಗರೆಲ್ಲ ಬಲ್ಲರು. ಬಿಸಿಲಿನ ಉರಿ ಇಳಿದು ಅಕ್ಟೋಬರ್ ಬಂತೆಂದರೆ ಕಾರ್ಯಕ್ರಮಗಳ ಕಾಲ ಆರಂಭ. ನವೆಂಬರಿನ ರಾಜ್ಯೋತ್ಸವಕ್ಕೆ ಊರಿನಿಂದ ಗಾಯಕರೊಬ್ಬರು ಬಂದರು, ಶುಕ್ರವಾರ ಸಂಜೆ ಸಭಾಂಗಣ ತುಂಬಿತು ಎಂದಿಟ್ಟುಕೊಳ್ಳಿ. ಮರುದಿನ ಸದಸ್ಯರೊಬ್ಬರು, ‘ಗಾಯಕರ ಕಂಠ ಮೇಲಿನ ಷಡ್ಜದಲ್ಲಿ ನಿಲ್ಲಲಿಲ್ಲ, ಅರ್ಧದಷ್ಟು ಹಾಡುಗಳಲ್ಲಿ ಧ್ವನಿಮುದ್ರಿಕೆಯೇ ಹಾಡುತ್ತಿತ್ತು, ಗಾಯಕರು ತುಟಿ ಆಡಿಸುತ್ತಿದ್ದರು’ ಎಂದು ನಾಲ್ಕು ಸಾಲು ಬರೆದರು. ಸಂಜೆಯೊಳಗೆ ಉತ್ತರಗಳ ಮಳೆ.

ಆ ಉತ್ತರಗಳು ನಿಮಗೂ ಪರಿಚಿತವೇ. ಅಷ್ಟು ತಿಳಿದವರು ನೀವೇ ವೇದಿಕೆ ಹತ್ತಿ ಹಾಡಿ ತೋರಿಸಿ. ಅಷ್ಟು ದೂರದಿಂದ ಬಂದ ಅತಿಥಿಗೆ ಹೀಗೆ ಹೇಳುವುದೇ? ಸ್ವಯಂಸೇವಕರು ನಿದ್ದೆಗೆಟ್ಟು ದುಡಿದದ್ದು ಕಾಣಲಿಲ್ಲವೇ? ಇವರಿಗೆ ಹೊಟ್ಟೆಕಿಚ್ಚು. ಇಂಥವರಿಂದಲೇ ಕನ್ನಡ ಹಾಳಾಗುತ್ತಿರುವುದು. ಇಪ್ಪತ್ತು ಉತ್ತರಗಳನ್ನು ಓದಿ ಮುಗಿಸಿದರೂ ಷಡ್ಜದ ಸುದ್ದಿ ಒಂದರಲ್ಲೂ ಇರುವುದಿಲ್ಲ. ಧ್ವನಿಮುದ್ರಿಕೆ ಇತ್ತೇ ಇಲ್ಲವೇ ಎಂಬುದಂತೂ ಯಾರಿಗೂ ಬೇಡವಾದ ಪ್ರಶ್ನೆ. ಕಾರ್ಯಕ್ರಮದ ವಿಚಾರಣೆ ನಡೆಯಬೇಕಾದಲ್ಲಿ ಬರೆದವರ ವಿಚಾರಣೆ ನಡೆದು, ಶಿಕ್ಷೆಯೂ ಪ್ರಕಟವಾಗಿರುತ್ತದೆ.

ಅಭಿಮಾನವೆಂಬ ಹೆಸರಿನಲ್ಲಿ ನಡೆಯುವ ಈ ವ್ಯವಹಾರ ಕಲಾವಿದರ ರಕ್ಷಣೆಯಲ್ಲ, ಅವರ ಅವಮಾನ ಎಂಬುದು ನನ್ನ ವಾದ. ತಾನು ಹಾಡಿದ್ದನ್ನು ಕುರಿತು ಒಂದೇ ಒಂದು ಮಾತನ್ನೂ ಆಡಲಾರದ ಅಭಿಮಾನಿ ತನ್ನ ಹಾಡನ್ನು ಕೇಳಿದ್ದಾನೆಂದು ಯಾವ ಗಾಯಕ ತಾನೇ ನಂಬಬಲ್ಲ?

ಮೊದಲು ‘ನೀವೇ ಹಾಡಿ ತೋರಿಸಿ’ ಎಂಬ ಸವಾಲನ್ನು ನೋಡೋಣ. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವುದೂ ಅದೇ, ಎಲ್ಲಕ್ಕಿಂತ ಟೊಳ್ಳಾದದ್ದೂ ಅದೇ. ಯುಗಾದಿಯ ಊಟದಲ್ಲಿ ಬಿಸಿಬೇಳೆಭಾತಿಗೆ ಉಪ್ಪು ಹೆಚ್ಚಾಯಿತು ಎಂದು ಇಡೀ ಪಂಕ್ತಿ ಎಲೆಯ ಮುಂದೆ ಕುಳಿತೇ ತೀರ್ಪು ಕೊಡುತ್ತದೆ. ‘ಹಾಗಾದರೆ ಮುನ್ನೂರು ಜನಕ್ಕೆ ನೀವೇ ಅಡುಗೆ ಮಾಡಿ ತೋರಿಸಿ’ ಎಂದು ಯಾರೂ ಯಾರನ್ನೂ ಅಡುಗೆಮನೆಗೆ ಅಟ್ಟುವುದಿಲ್ಲ. ನಾಲಗೆಗಿರುವ ಹಕ್ಕು ಕಿವಿಗೇಕಿಲ್ಲ? ನಮ್ಮ ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಎಂದೋ ಇತ್ಯರ್ಥ ಮಾಡಿದೆ. ಒಂಬತ್ತನೆಯ ಶತಮಾನದ, ನೃಪತುಂಗನ ಆಸ್ಥಾನದ ‘ಕವಿರಾಜಮಾರ್ಗ’ ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ. ಅದು ಕನ್ನಡ ನಾಡಿನ ಜನರನ್ನು ಹೊಗಳುವುದು ಅವರೆಲ್ಲ ಕವಿಗಳೆಂದಲ್ಲ. ಓದು ಬರಹದ ಹಂಗಿಲ್ಲದೆಯೂ ಕಾವ್ಯದ ಮರ್ಮ ಬಲ್ಲವರೆಂದು. ಅದೇ ಗ್ರಂಥ ಇನ್ನೂ ಒಂದು ಮಾತು ಹೇಳುತ್ತದೆ: ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣದು, ಹಾಗೆಯೇ ಕವಿ ತನ್ನ ದೋಷವನ್ನು ತಾನು ಕಾಣಲಾರ, ಆದ್ದರಿಂದ ಬಲ್ಲ ಇತರರು ನೋಡಬೇಕು. ಕನ್ನಡದ ಮೊದಲ ಗ್ರಂಥವೇ ದೋಷವನ್ನು ತೋರಿಸುವವನಿಗೆ ಮಣೆ ಹಾಕಿರುವಾಗ, ರಾಜ್ಯೋತ್ಸವದ ವೇದಿಕೆಯ ಮುಂದೆ ಕುಳಿತು ಆ ಮಣೆಯನ್ನು ಎಳೆದುಹಾಕುವ ನಾವು ಯಾವ ಪರಂಪರೆಯ ವಾರಸುದಾರರು?

ಎರಡನೆಯ ಉತ್ತರ ಹೃದಯದಿಂದ ಬರುವಂಥದು. ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ‘ನಮ್ಮವರನ್ನು ಹೀಗೆ ಅನ್ನಬಹುದೇ?’ ಎಂಬ ನೋವು ಅದು. ನಮ್ಮ ಸಂಘಗಳ ವೇದಿಕೆಯ ಮೇಲೆ ಅರ್ಧ ಜನ ನಮ್ಮ ಮಕ್ಕಳು, ಉಳಿದರ್ಧ ನಮ್ಮ ಸ್ನೇಹಿತರು. ಈ ನೋವು ಎಲ್ಲಿಯವರೆಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಇತಿಹಾಸದಲ್ಲಿ ಒಂದು ಪ್ರಸಂಗವಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1950ರ ಡಿಸೆಂಬರ್ 5. ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮಗಳು ಮಾರ್ಗರೆಟ್ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ ಹಾಡಿದರು. ತಂದೆಯೂ ಸಭೆಯಲ್ಲಿದ್ದರು. ಮರುದಿನ ಬೆಳಗ್ಗೆ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯಲ್ಲಿ ವಿಮರ್ಶಕ ಪಾಲ್ ಹ್ಯೂಮ್ ಬರೆದ ವಿಮರ್ಶೆ ಪ್ರಕಟವಾಯಿತು. ಆಕೆ ವೇದಿಕೆಯ ಮೇಲೆ ಬಹಳ ಚೆಲುವಾಗಿ ಕಾಣುತ್ತಾರೆ, ಆದರೆ ಚೆನ್ನಾಗಿ ಹಾಡಲಾರರು. ಹೆಚ್ಚು ಹೊತ್ತು ಶ್ರುತಿಯಿಂದ ಇಳಿದೇ ಹಾಡುತ್ತಾರೆ. ವರ್ಷಗಳಿಂದ ಸುಧಾರಣೆ ಕಾಣುತ್ತಿಲ್ಲ. ಇದು ಅದರ ಸಾರ. ಅಧ್ಯಕ್ಷರು ಕೂಡಲೇ ಕಾಗದ ತೆಗೆದುಕೊಂಡು ಸ್ವಹಸ್ತದಿಂದ ಉತ್ತರ ಬರೆದರು. ನಾವೆಂದಾದರೂ ಎದುರಾಬದುರಾದರೆ ನಿನಗೊಂದು ಹೊಸ ಮೂಗು ಬೇಕಾದೀತು, ಊದಿದ ಕಣ್ಣಿಗೆ ಇಡಲು ಮಾಂಸದ ತುಂಡು ಬೇಕಾದೀತು ಎಂಬರ್ಥದ ಪತ್ರ ಅದು. ಜಗತ್ತಿನ ಅತಿ ಬಲಿಷ್ಠ ಹುದ್ದೆಯಲ್ಲಿ ಕುಳಿತ ವ್ಯಕ್ತಿ ಒಬ್ಬ ಪತ್ರಿಕಾ ವಿಮರ್ಶಕನ ಮೂಗು ಮುರಿಯುವುದಾಗಿ ಬರೆದದ್ದು!

ಆ ಪತ್ರದಲ್ಲಿ ಶ್ರುತಿಯ ವಿಷಯ ಇರಲಿಲ್ಲ ಎಂಬುದನ್ನು ಗಮನಿಸಿ. ಹ್ಯೂಮ್ ಒಬ್ಬ ಹತಾಶ ಮುದುಕ, ತಾನು ಯಶಸ್ವಿಯಾಗಲಾಗದ್ದಕ್ಕೆ ಹೊಟ್ಟೆಕಿಚ್ಚಿನಿಂದ ಬರೆಯುತ್ತಾನೆ ಎಂಬ ಧಾಟಿಯ ಬೈಗುಳವಿತ್ತು. ಹ್ಯೂಮ್ ಆಗ ಮೂವತ್ತರ ಹರೆಯದವರು. ಅಧ್ಯಕ್ಷರು ಅವರನ್ನು ನೋಡಿಯೇ ಇರಲಿಲ್ಲ. ನಮ್ಮ ‘ಹೊಟ್ಟೆಕಿಚ್ಚು’ ಎಂಬ ಉತ್ತರಕ್ಕೆ ಶ್ವೇತಭವನದ ಮುದ್ರೆ ಬಿದ್ದು ಏಳು ದಶಕಗಳು ಕಳೆದಿವೆ ಎಂದಾಯಿತು.

ಪತ್ರ ಬಹಿರಂಗವಾದಾಗ ಕೊರಿಯಾ ಯುದ್ಧ ಭೀಕರ ಹಂತದಲ್ಲಿತ್ತು. ಜನರಿಂದ ಪತ್ರಗಳು ರಾಶಿ ರಾಶಿಯಾಗಿ ಬಂದವು. ಅವುಗಳಲ್ಲೊಂದು, ಕೊರಿಯಾದಲ್ಲಿ ಮಗನನ್ನು ಕಳೆದುಕೊಂಡ ತಂದೆತಾಯಿಯರದು. ಮಗನಿಗೆ ಮರಣಾನಂತರ ಬಂದ ‘ಪರ್ಪಲ್ ಹಾರ್ಟ್’ ಪದಕವನ್ನೇ ಅವರು ಹಿಂದಿರುಗಿಸಿದ್ದರು. ಕೊರಿಯಾದಲ್ಲಿ ನಮ್ಮ ಮಗನಿಗೆ ಆದದ್ದೇ ತನಗೂ ಆಗಲು ನಿಮ್ಮ ಮಗಳು ಅಲ್ಲಿರಲಿಲ್ಲವಲ್ಲ ಎಂಬುದೇ ನಮ್ಮ ವಿಷಾದ ಎಂಬುದು ಅವರ ಮಾತಿನ ತಾತ್ಪರ್ಯ. ಆ ಪತ್ರವನ್ನೂ ಪದಕವನ್ನೂ ಟ್ರೂಮನ್ ತಮ್ಮ ಮೇಜಿನಲ್ಲಿ ಇಟ್ಟುಕೊಂಡಿದ್ದರು.

ಈ ಕಥೆಯಲ್ಲಿ ಸಭ್ಯವಾಗಿ ನಡೆದುಕೊಂಡವರು ಇಬ್ಬರು. ಒಬ್ಬರು ಹ್ಯೂಮ್. ಕಾರ್ಯಕ್ರಮದ ದಿನವೇ ಅಧ್ಯಕ್ಷರ ಬಾಲ್ಯದ ಗೆಳೆಯ, ಪತ್ರಿಕಾ ಕಾರ್ಯದರ್ಶಿ ಚಾರ್ಲಿ ರಾಸ್ ತೀರಿಕೊಂಡಿದ್ದರು. ಗೆಳೆಯನನ್ನು ಕಳೆದುಕೊಂಡು ಯುದ್ಧದ ಹೊರೆ ಹೊತ್ತವರ ಸಿಟ್ಟನ್ನು ಮನ್ನಿಸಬೇಕು ಎಂದು ಹ್ಯೂಮ್ ಹೇಳಿದರು. ಇನ್ನೊಬ್ಬರು ಸ್ವತಃ ಮಾರ್ಗರೆಟ್. ಹ್ಯೂಮ್ ಒಳ್ಳೆಯ ವಿಮರ್ಶಕರು, ತಮಗನಿಸಿದ್ದನ್ನು ಬರೆಯುವ ಹಕ್ಕು ಅವರಿಗಿದೆ ಎಂದರು ಆಕೆ. ಹಾಡಿದವಳಿಗೆ ಇದ್ದ ಧೈರ್ಯ ಕೇಳಿದವನಿಗೆ ಇರಲಿಲ್ಲ. ಮಾರ್ಗರೆಟ್ ಮುಂದೆ ಗಾಯನದಿಂದ ಸರಿದು ಪತ್ತೇದಾರಿ ಕಾದಂಬರಿಗಳನ್ನು ಬರೆದು ಹೆಸರು ಮಾಡಿದರು. ಆಕೆಯ ಗಾಯನದ ಒಂದು ಸ್ವರವನ್ನೂ ಕೇಳದ ನಮಗೆ ಇಂದು ಆಕೆಯ ಗಾಯನದ ಬಗ್ಗೆ ಗೊತ್ತಿರುವ ಏಕೈಕ ಸಂಗತಿಯೆಂದರೆ ಅದನ್ನು ಒಬ್ಬರು ಮೆಚ್ಚಲಿಲ್ಲ ಎಂಬುದು. ಪಾಪ, ಆ ಒಂದು ವಿಮರ್ಶೆಯನ್ನು ಅಜರಾಮರಗೊಳಿಸಿದವರು ಮಗಳ ಅತಿ ದೊಡ್ಡ ಅಭಿಮಾನಿಯೇ.

ಇಲ್ಲಿ ಒಂದು ಭೇದವನ್ನು ಒಪ್ಪಿಕೊಳ್ಳುತ್ತೇನೆ. ಆರನೆಯ ತರಗತಿಯ ಹುಡುಗಿ ಮೊದಲ ಸಲ ಮೈಕ್ ಹಿಡಿದು ಭಾವಗೀತೆ ಹಾಡಿದರೆ ಅದನ್ನು ಪತ್ರಿಕೆಯಲ್ಲಿ ಅಳೆಯುವುದು ಕ್ರೌರ್ಯ. ಅವಳ ತಪ್ಪನ್ನು ತಿದ್ದಲು ಅವಳ ಗುರುಗಳಿದ್ದಾರೆ. ಆದರೆ ಸಂಭಾವನೆ, ವಿಮಾನದ ಟಿಕೆಟ್, ಹೋಟೆಲಿನ ಕೊಠಡಿ ಪಡೆದು, ಊರೆಲ್ಲ ಭಿತ್ತಿಪತ್ರ ಹಾಕಿಸಿಕೊಂಡು ಬಂದ ವೃತ್ತಿಪರ ಗಾಯಕರನ್ನು ಅದೇ ಹುಡುಗಿಯ ಮಟ್ಟಕ್ಕೆ ಇಳಿಸಿ, ‘ಪಾಪ, ಏನೋ ಹಾಡಿದರು, ಬಿಡಿ’ ಎನ್ನುವುದು ಅಭಿಮಾನವೇ? ಅದಕ್ಕಿಂತ ದೊಡ್ಡ ಬೈಗುಳ ಇನ್ನಾವುದಿದೆ?

‘ಅತಿಥಿ’ ಎಂಬ ಮಾತೂ ಇಲ್ಲಿ ಜಾಗ ತಪ್ಪಿದೆ. ಅತಿಥಿ ಸತ್ಕಾರ ನಮ್ಮ ಹೆಮ್ಮೆ. ವಿಮಾನ ನಿಲ್ದಾಣದಿಂದ ಕರೆತರುವುದು, ಮನೆಗೆ ಕರೆದು ಒಬ್ಬಟ್ಟು ಬಡಿಸುವುದು, ಸೂಕ್ ವಾಕಿಫ್ ತೋರಿಸುವುದು, ಶಾಲು ಹೊದಿಸುವುದು, ಎಲ್ಲ ಸರಿ. ಆದರೆ ಶ್ರುತಿ ಹಿಡಿದ ಕ್ಷಣದಿಂದ ಅವರು ಅತಿಥಿಯಲ್ಲ, ಕಲಾವಿದರು. ಮೈಸೂರಿನ ಆಸ್ಥಾನದಲ್ಲಿ ಸತ್ಕಾರಕ್ಕೆ ಕೊರತೆ ಇತ್ತೇ? ಆದರೂ ಅಲ್ಲಿ ಪ್ರತಿಭೆಯಿದ್ದ ಮಾತ್ರಕ್ಕೆ ‘ಸಾಕು’ ಎನ್ನುತ್ತಿರಲಿಲ್ಲ. ತರುಣ ವಾಸುದೇವಾಚಾರ್ಯರನ್ನು ಚಾಮರಾಜ ಒಡೆಯರು ಇನ್ನಷ್ಟು ಕಲಿಯಲೆಂದು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ತಿರುವೈಯಾರಿಗೆ ಕಳುಹಿಸಿದರು. ಸಂಗೀತವನ್ನು ಸ್ವತಃ ಬಲ್ಲ ನಾಲ್ವಡಿ ಕೃಷ್ಣರಾಜ ಒಡೆಯರ ಎದುರು ಹಾಡುವುದೆಂದರೆ ವಿದ್ವಾಂಸರಿಗೆ ಪರೀಕ್ಷೆಯೇ ಆಗಿತ್ತು. ಇತ್ತ ಕುಂದಗೋಳದಲ್ಲಿ ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ ಅವರಿಂದ ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಹೇಳಿಸುತ್ತಿದ್ದರು. ಅದಕ್ಕಾಗಿ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿ ಬರುತ್ತಿದ್ದರು. ‘ಸರಿಯಾಗಲಿಲ್ಲ, ಇನ್ನೊಮ್ಮೆ’ ಎಂಬ ಮಾತಿನ ಮೇಲೆ ಕಟ್ಟಿದ ಮನೆ ನಮ್ಮ ಸಂಗೀತ. ಆ ಮಾತನ್ನು ಕೇಳುಗನ ಬಾಯಿಂದ ಕಿತ್ತುಕೊಂಡರೆ ಉಳಿಯುವುದು ಶಾಲು ಮಾತ್ರ.

ಸ್ವಯಂಸೇವಕರ ಶ್ರಮದ ವಿಚಾರ. ಸಭಾಂಗಣ ಕಾದಿರಿಸುವುದರಿಂದ ಹಿಡಿದು ವೀಸಾದವರೆಗೆ, ಪ್ರಾಯೋಜಕರ ಬಾಗಿಲು ತಟ್ಟುವುದರಿಂದ ಕೊನೆಯ ಕುರ್ಚಿ ಜೋಡಿಸುವವರೆಗೆ ಅವರು ಮಾಡುವ ಕೆಲಸಕ್ಕೆ ಬೆಲೆ ಕಟ್ಟಲಾಗದು. ಹಾಗೆಂದು, ಅವರ ಬೆವರನ್ನು ಗಾಯಕರ ಅಪಸ್ವರಕ್ಕೆ ಗುರಾಣಿಯಾಗಿ ಹಿಡಿಯಬಹುದೇ? ವಿಮರ್ಶೆಯಿಂದ ನಿಜವಾಗಿ ಲಾಭ ಪಡೆಯುವವರು ಈ ಸ್ವಯಂಸೇವಕರೇ. ಪೂರ್ಣ ವಾದ್ಯವೃಂದವನ್ನು ಕರೆಸುವುದು ದುಬಾರಿ; ಆದ್ದರಿಂದ ಒಬ್ಬ ಕೀಬೋರ್ಡ್ ವಾದಕರು, ಉಳಿದದ್ದಕ್ಕೆ ‘ಟ್ರ್ಯಾಕ್’ ಎಂಬ ಏರ್ಪಾಡು ಗಲ್ಫ್ ದೇಶಗಳ ರಸಮಂಜರಿಗಳಲ್ಲಿ ಹೊಸದೇನಲ್ಲ. ಅದು ಅಪರಾಧವೂ ಅಲ್ಲ. ಆದರೆ ವಾದ್ಯಗಳು ಮಾತ್ರ ಟ್ರ್ಯಾಕಿನಲ್ಲಿವೆಯೇ, ಕಂಠವೂ ಅದರೊಳಗೆ ಅಡಗಿದೆಯೇ ಎಂದು ಕೇಳುವವರೇ ಇಲ್ಲದ ಊರಿಗೆ ಮುಂದಿನ ವರ್ಷ ಬರುವುದೂ ಟ್ರ್ಯಾಕೇ. ಕೇಳುವವರಿದ್ದಾರೆ ಎಂದು ಗೊತ್ತಾದರೆ, ಒಪ್ಪಂದ ಮಾಡಿಕೊಳ್ಳುವಾಗ ಒಬ್ಬ ತಬಲಾ ವಾದಕರನ್ನೂ ಒಬ್ಬ ಕೊಳಲು ವಾದಕರನ್ನೂ ಕರೆತರಲೇಬೇಕೆಂದು ಹೇಳುವ ಬಲ ಕಾರ್ಯಕಾರಿ ಸಮಿತಿಗೆ ಬರುತ್ತದೆ. ಇದೇ ಊರಿನಲ್ಲಿ 2007ರಲ್ಲಿ ಸ್ಥಾಪನೆಯಾದ ಕತಾರ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವಿದೆ. ಹಲವು ದೇಶಗಳಿಂದ ಪರೀಕ್ಷಿಸಿ ಆಯ್ದ ವಾದಕರು ಅದರಲ್ಲಿದ್ದಾರೆ. ಅದನ್ನು ಕತಾರಾದ ಒಪೆರಾ ಹೌಸಿನಲ್ಲಿ ಕೇಳಿ ಬಂದ ನಮ್ಮ ಹದಿಹರೆಯದ ಮಕ್ಕಳು ಕನ್ನಡ ಕಾರ್ಯಕ್ರಮದಲ್ಲಿ ತುಟಿ ಆಡಿಸುವವರನ್ನು ನೋಡಿ ಏನು ತೀರ್ಮಾನಿಸುತ್ತಾರೆ? ಅವರು ಪತ್ರ ಬರೆಯುವುದಿಲ್ಲ. ಮುಂದಿನ ಸಲ ‘ನಾಳೆ ಪರೀಕ್ಷೆ ಇದೆ’ ಎಂದು ಮನೆಯಲ್ಲೇ ಉಳಿಯುತ್ತಾರೆ. ಆ ಖಾಲಿ ಕುರ್ಚಿಗಿಂತ ಕಟುವಾದ ವಿಮರ್ಶೆಯನ್ನು ನಾನು ಓದಿಲ್ಲ.

ಇನ್ನು ಕನ್ನಡದ್ರೋಹದ ಆರೋಪ. 2025ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಸೋನು ನಿಗಮ್ ಅವರಿಗೂ ಕನ್ನಡ ಹಾಡು ಹಾಡಿ ಎಂದು ಕೂಗಿದ ಕೇಳುಗರಿಗೂ ನಡೆದದ್ದು ಎಲ್ಲರಿಗೂ ನೆನಪಿದೆ. ಆ ಕೂಗನ್ನು ಅವರು ಪಹಲ್ಗಾಮ್ ದಾಳಿಯ ಜೊತೆ ತಳುಕು ಹಾಕಿದರು, ಅದು ಅಕ್ಷಮ್ಯವೇ. ಮೊಕದ್ದಮೆ ದಾಖಲಾಯಿತು, ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರ ಸಾರಿತು, ಗಾಯಕರು ಕ್ಷಮೆ ಕೇಳಿದರು. ನನ್ನ ಕುತೂಹಲ ಬೇರೆ. ‘ಮುಂಗಾರು ಮಳೆ’ಯ ಕಾಲದಿಂದ ಕನ್ನಡ ಕಿವಿಗಳನ್ನು ತುಂಬಿದ ಆ ಕಂಠ ಅಂದು ಹೇಗೆ ಹಾಡಿತು? ಇಷ್ಟೆಲ್ಲ ಕೋಲಾಹಲದಲ್ಲಿ ಆ ಪ್ರಶ್ನೆಗೆ ಉತ್ತರಿಸುವ ಒಂದು ಸಾಲನ್ನೂ ನಾನು ಓದಲಿಲ್ಲ. ನಮ್ಮ ಅಭಿಮಾನವೂ ನಮ್ಮ ಕೋಪವೂ ಸಂಗೀತದ ಹೊರಗೇ ಹುಟ್ಟಿ ಹೊರಗೇ ಸಾಯುತ್ತವೆ.

ಇದಕ್ಕೆ ಎದುರಾಗಿ ನಾಡಗೀತೆಯ ಜಗಳವನ್ನು ನೋಡಿ. ಕುವೆಂಪು ಅವರ ಕವನ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವಥ್ ಅವರ ಧಾಟಿಯೋ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ ಎರಡೂವರೆ ನಿಮಿಷದ ಮಿತಿ ಹಾಕಿತು. ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಲಯದಲ್ಲೇ ಹಾಡಿಯೂ ತೋರಿಸಿದರು. 2024ರಲ್ಲಿ ಅರ್ಜಿ ವಜಾ ಆಯಿತು. ಎರಡೂ ಪಕ್ಷದ ಅಭಿಮಾನಿಗಳು ಒಬ್ಬರನ್ನೊಬ್ಬರು ಚುಚ್ಚದೆ ಬಿಡಲಿಲ್ಲ, ನಿಜ. ಆದರೂ ಈ ಜಗಳದ ನಡುವೆ ಸಂಗೀತವಿತ್ತು: ಧಾಟಿ, ಅವಧಿ, ಶಾಲಾ ಮಕ್ಕಳ ಕಂಠಕ್ಕೆ ಯಾವುದು ಹೊಂದುತ್ತದೆ ಎಂಬ ಮಾತು. ಹೀಗೆ ಜಗಳವಾಡುವವರ ಜೊತೆ ನಾನು ರಾತ್ರಿಯಿಡೀ ಜಗಳವಾಡಲು ಸಿದ್ಧ.

ವಿಮರ್ಶಕರೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ಗಾಯಕಿಯ ಸೀರೆಯ ಬಣ್ಣ, ಗಾಯಕರ ಹೊಟ್ಟೆಯ ಸುತ್ತಳತೆ, ಅವರ ಜಾತಿ, ಸಂಸಾರ ಇವುಗಳ ಬಗ್ಗೆ ಬರೆಯುವವನು ವಿಮರ್ಶಕನಲ್ಲ, ಹರಟೆಮಲ್ಲ. ಚಮತ್ಕಾರದ ಒಂದು ಬೈಗುಳಕ್ಕಾಗಿ ಇಡೀ ಕಛೇರಿಯನ್ನು ಬಲಿಕೊಡುವವರೂ ಇದ್ದಾರೆ. ದೆಹಲಿಯ ‘ಸ್ಟೇಟ್ಸ್‌ಮನ್’ ಪತ್ರಿಕೆಯ ಸುಬ್ಬುಡು ಅವರ ಲೇಖನಿಗೆ ಕಲಾವಿದರು ಹೆದರುತ್ತಿದ್ದರು. ಅವರ ಕೊಂಕು ಮಾತುಗಳಲ್ಲಿ ಕೆಲವು ನನಗೂ ಅತಿಯೆನಿಸುತ್ತವೆ. ಆದರೆ ಸುಬ್ಬುಡು ಹಾರ್ಮೋನಿಯಂ ನುಡಿಸಬಲ್ಲವರು, ಕಛೇರಿಯನ್ನು ಕೂತು ಕೇಳಿದವರು, ಸ್ವಂತ ಹೆಸರಿನಲ್ಲೇ ಬೈದವರು. ಅವರಿಗಿಂತ ಮೊದಲು ತಮಿಳಿನ ‘ಆನಂದ ವಿಕಟನ್’ ಪತ್ರಿಕೆಯಲ್ಲಿ ಕಲ್ಕಿ ಕೃಷ್ಣಮೂರ್ತಿಯವರು ಸಂಗೀತ ವಿಮರ್ಶೆಗೆ ಇಟ್ಟುಕೊಂಡಿದ್ದ ಗುಪ್ತನಾಮ ‘ಕರ್ನಾಟಕಂ’. (ತಮಿಳಿನಲ್ಲಿ ಆ ಪದಕ್ಕೆ ‘ಹಳೆಯ ಕಾಲದ್ದು’ ಎಂಬ ಅರ್ಥವೂ ಇದೆ ಎಂಬುದು ಕನ್ನಡಿಗರು ನಗುತ್ತಲೇ ಸಹಿಸಬೇಕಾದ ಸಂಗತಿ.) ಕಲ್ಕಿಯವರ ಗುಪ್ತನಾಮ ಒಂದು ವಿನೋದವಾಗಿತ್ತು. ಇಂದು ಹೆಸರು ಮರೆಮಾಡುವುದು ವಿನೋದಕ್ಕಲ್ಲ. 2024ರಲ್ಲಿ ಅಮೆರಿಕದ ‘ಪೇಸ್ಟ್’ ಪತ್ರಿಕೆ ಟೇಲರ್ ಸ್ವಿಫ್ಟ್ ಅವರ ಹೊಸ ಆಲ್ಬಮ್ಮಿನ ಕಟು ವಿಮರ್ಶೆಯನ್ನು ಬರೆದವರ ಹೆಸರಿಲ್ಲದೆ ಪ್ರಕಟಿಸಿತು. 2019ರಲ್ಲಿ ಆಕೆಯ ಹಿಂದಿನ ಆಲ್ಬಮ್ಮೊಂದನ್ನು ವಿಮರ್ಶಿಸಿದ ಲೇಖಕರಿಗೆ ಅಭಿಮಾನಿಗಳಿಂದ ಹಿಂಸೆಯ ಬೆದರಿಕೆ ಬಂದಿತ್ತೆಂದು ಕಾರಣ ಕೊಟ್ಟಿತು.

ನಮ್ಮ ದೋಹಾದಲ್ಲಿ ಹೆಸರು ಮರೆಮಾಡುವ ಸೌಲಭ್ಯವೂ ಇಲ್ಲ. ಇಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ವಿಮರ್ಶೆ ಬರೆದವರ ಮಕ್ಕಳೂ ಬೈದವರ ಮಕ್ಕಳೂ ಒಂದೇ ಶಾಲೆಯ ಬಸ್ಸು ಹತ್ತುತ್ತಾರೆ. ಮುಂದಿನ ಸತ್ಯನಾರಾಯಣ ಪೂಜೆಯಲ್ಲಿ ಪಕ್ಕಪಕ್ಕದ ಎಲೆಯಲ್ಲಿ ಕೂರಬೇಕು. ಬೈದವರು ಕಚೇರಿಯಲ್ಲಿ ಮೇಲಧಿಕಾರಿಯಾಗಿದ್ದರಂತೂ ಮುಗಿಯಿತು. ಬೆಂಗಳೂರಿನಲ್ಲಿ ವಿಮರ್ಶಕನಿಗೆ ಒಂದು ಬಾಗಿಲು ಮುಚ್ಚಿದರೆ ಹತ್ತು ತೆರೆದಿರುತ್ತವೆ. ಇಲ್ಲಿ ಇರುವುದೇ ಒಂದು ಸಂಘ, ಒಂದು ಅಂಗಳ. ಆದ್ದರಿಂದ ಇಲ್ಲಿ ಬೈಗುಳ ಗೆಲ್ಲುವುದು ವಾದದಲ್ಲಲ್ಲ. ಮುಂದಿನ ಸಲ ಆ ನಾಲ್ಕು ಸಾಲು ಬರೆಯಲ್ಪಡದೆ ಉಳಿಯುತ್ತವಲ್ಲ, ಅಲ್ಲಿ. ಬರೆಯುವವರು ಸುಮ್ಮನಾದ ಮೇಲೆ ಉಳಿಯುವ ವರದಿ ಎಂಥದ್ದೆಂದು ನಾವೆಲ್ಲ ಬಲ್ಲೆವು: ‘ಗಾಯಕರು ತಮ್ಮ ಸುಮಧುರ ಕಂಠದಿಂದ ನೆರೆದಿದ್ದ ಶ್ರೋತೃಗಳ ಮನಸೂರೆಗೊಂಡರು.’ ಗಾಯಕರ ಹೆಸರು ಮಾತ್ರ ಬದಲಾಯಿಸಿ ಇದನ್ನು ಪ್ರತಿ ವರ್ಷವೂ ಅಚ್ಚು ಹಾಕಬಹುದು. ಅದ್ಭುತವಾಗಿ ಹಾಡಿದವರಿಗೂ ಇದೇ ವಾಕ್ಯ, ಅಡ್ಡಾದಿಡ್ಡಿ ಹಾಡಿದವರಿಗೂ ಇದೇ ವಾಕ್ಯ. ನಿಜವಾಗಿ ಮನಸೂರೆಗೊಂಡ ಕಲಾವಿದರಿಗೆ ಇದರಲ್ಲಿ ಸಿಕ್ಕಿದ್ದೇನು?

ಆವೇಶದಲ್ಲಿ ಬರೆಯುವವರಿಗೆ ಇನ್ನೊಂದು ಮಾತು ತಿಳಿದಿದ್ದರೆ ಒಳ್ಳೆಯದು. ಕತಾರಿನ ಸೈಬರ್ ಅಪರಾಧ ಕಾನೂನು, ಅಂದರೆ 2014ರ 14ನೆಯ ಕಾನೂನು, ಅಂತರ್ಜಾಲದ ಮೂಲಕ ಇತರರನ್ನು ನಿಂದಿಸುವುದಕ್ಕೆ ಮೂರು ವರ್ಷದವರೆಗೆ ಸೆರೆವಾಸವನ್ನೂ ಒಂದು ಲಕ್ಷ ರಿಯಾಲಿನವರೆಗೆ ದಂಡವನ್ನೂ ವಿಧಿಸಬಲ್ಲದು. ಅದು ವಿಮರ್ಶಕರಿಗೂ ಅಷ್ಟೇ ಅನ್ವಯಿಸುತ್ತದೆ. ಕಾನೂನಿನ ಭಯದಿಂದ ಸಭ್ಯತೆ ಕಲಿಯಬೇಕೆಂದು ನಾನು ಬಯಸುವುದಿಲ್ಲ. ಆದರೆ ‘ಶ್ರುತಿ ಇಳಿಯಿತು’ ಎಂಬ ಮಾತಿಗೂ ‘ನೀನು ಇಂಥವನು’ ಎಂಬ ಮಾತಿಗೂ ಇರುವ ಅಂತರ ನಮಗೆ ಕಾಣದಿದ್ದರೂ ಕಾನೂನಿಗೆ ಕಾಣಬಹುದು.

ಹಾಗಾದರೆ ಅಭಿಮಾನಿ ಬಾಯಿ ಮುಚ್ಚಿಕೊಂಡಿರಬೇಕೇ? ಖಂಡಿತ ಇಲ್ಲ. ವಿಮರ್ಶೆ ತಪ್ಪಾಗಿದ್ದರೆ ಅದನ್ನು ಸೀಳಿಹಾಕಲಿ. ಶ್ರುತಿ ಇಳಿದದ್ದು ಗಾಯಕರ ದೋಷವಲ್ಲ, ವೇದಿಕೆಯ ಮೇಲಿನ ಸ್ಪೀಕರಿನಲ್ಲಿ ಅವರಿಗೆ ತಂಬೂರಿಯೇ ಕೇಳಿಸುತ್ತಿರಲಿಲ್ಲ ಎನ್ನಲಿ. ಮೂರನೆಯ ಹಾಡಿನಲ್ಲಿ ನೀವು ಅಪಸ್ವರವೆಂದದ್ದು ಆ ರಾಗದಲ್ಲಿ ಬರಲೇಬೇಕಾದ ಅನ್ಯಸ್ವರ ಎಂದು ಪಾಠ ಹೇಳಲಿ. ನೀವು ಕೂತದ್ದು ಕೊನೆಯ ಸಾಲಿನ ಮೂಲೆಯಲ್ಲಿ, ಅಲ್ಲಿಗೆ ಮೃದಂಗ ಬಿಟ್ಟು ಬೇರೇನೂ ಕೇಳಿಸುವುದಿಲ್ಲ ಎಂದು ಹಂಗಿಸಲಿ. ಇಂಥ ಒಂದು ಉತ್ತರ ಬಂದರೆ ವಿಮರ್ಶಕನ ಸೊಕ್ಕು ಇಳಿಯುತ್ತದೆ, ಧ್ವನಿವರ್ಧಕದ ವ್ಯವಸ್ಥೆ ಸುಧಾರಿಸುತ್ತದೆ, ಓದಿದವರಿಗೆ ರಾಗದ ಒಂದು ಗುಟ್ಟು ತಿಳಿಯುತ್ತದೆ.

ಆದ್ದರಿಂದ ಸಂಪಾದಕ ಮಿತ್ರರಲ್ಲಿ ನನ್ನದೊಂದು ಬೇಡಿಕೆ. ಬರುವ ರಾಜ್ಯೋತ್ಸವದ ಸಂಗೀತ ಸಂಜೆಗೆ ಇಬ್ಬರಿಂದ ವಿಮರ್ಶೆ ಬರೆಯಿಸಿ. ಒಬ್ಬರು ಶಾಸ್ತ್ರೀಯ ಸಂಗೀತ ಬಲ್ಲವರು, ಇನ್ನೊಬ್ಬರು ಏನೂ ಕಲಿಯದ, ಆದರೆ ಕೊನೆಯವರೆಗೆ ಕೂತು ಕೇಳುವವರು. ಇಬ್ಬರ ಹೆಸರೂ ಇರಲಿ. ಉತ್ತರ ಬರೆಯುವವರ ಹೆಸರೂ ಇರಲಿ. ಉತ್ತರದ ಮೊದಲ ವಾಕ್ಯ ಅಂದು ತಮಗೆ ಏನು ಕೇಳಿಸಿತು ಎಂಬುದನ್ನು ಹೇಳಬೇಕೆಂಬ ಒಂದೇ ನಿಯಮ ಹಾಕಿ. ಎರಡನೆಯ ವಾಕ್ಯದಿಂದ ಎಷ್ಟು ಬೇಕಾದರೂ ಬೈಯಲಿ. ಕಾರ್ಯಕ್ರಮದ ನಡುವೆ ಊಟದ ಸರದಿಗೆ ಎದ್ದು ಹೋದವರು ಮಾತ್ರ, ದಯವಿಟ್ಟು, ಊಟದ ವಿಮರ್ಶೆಯನ್ನೇ ಬರೆಯಲಿ.